ಕ್ಲಾಸ್ 3 ಡಿಎಸ್‌ಸಿ ಟೋಕನ್: ಡಾಂಗಲ್ ಗಟ್ಟಿ, ಕೊಡುವ ರೀತಿ ಸಡಿಲ

ಪೀಣ್ಯದ ವರ್ಕ್‌ಶಾಪುಗಳ ಜಿಎಸ್‌ಟಿ ನೋಡಿಕೊಳ್ಳುವ ಯಾವುದೇ ಆಡಿಟರ್ ಆಫೀಸಿನ ಡ್ರಾಯರ್ ಎಳೆದರೆ ಡಾಂಗಲ್‌ಗಳ ರಾಶಿ ಕಾಣುತ್ತದೆ. ಇವೇ ಡಿಎಸ್‌ಸಿ ಟೋಕನ್‌ಗಳು, ಅಂದರೆ ಕಂಪ್ಯೂಟರಿನಲ್ಲಿ ಸಹಿ ಹಾಕಲು ಬೇಕಾದ ಡಿಜಿಟಲ್ ಸಿಗ್ನೇಚರ್ ಸರ್ಟಿಫಿಕೇಟ್ ಇರುವ ಯುಎಸ್‌ಬಿ ಸಾಧನಗಳು. ಒಂದೊಂದಕ್ಕೂ ಬಿಳಿ ಟೇಪು, ಟೇಪಿನ ಮೇಲೆ ಮಾಲೀಕರ ಹೆಸರು, ಹೆಸರಿನ ಕೆಳಗೆ ಪಿನ್. ಈ ಟೋಕನ್ನಿನ ಬಗ್ಗೆ ಹೇಳಬೇಕಾದ ಮುಖ್ಯ ದೂರು ಆ ಟೇಪಿನಲ್ಲೇ ಇದೆ.

ವಸ್ತುವಾಗಿ ನೋಡಿದರೆ ಟೋಕನ್‌ಗೆ ಪೂರ್ತಿ ಅಂಕ ಕೊಡಬಹುದು. ಪೆನ್ ಡ್ರೈವ್‌ನಂತೆ ಕಂಡರೂ ಒಳಗಿರುವುದು ಫಿಪ್ಸ್ 140-2 ಎಂಬ ಅಮೆರಿಕ ಸರ್ಕಾರದ ಭದ್ರತಾ ಮಾನದಂಡದ ಲೆವೆಲ್ 2 ಮಟ್ಟದ ಚಿಪ್. ಸಹಿ ಹಾಕುವ ಗುಟ್ಟಿನ ಸಂಖ್ಯೆ, ಅಂದರೆ ಖಾಸಗಿ ಕೀ, ಅಲ್ಲೇ ಹುಟ್ಟುತ್ತದೆ, ಅಲ್ಲೇ ಉಳಿಯುತ್ತದೆ, ಕಾಪಿ ಮಾಡಲು ಬರುವುದಿಲ್ಲ. ಸಹಿ ಹಾಕುವಾಗ ಫೈಲಿನ ಹ್ಯಾಶ್, ಅಂದರೆ ಅದರಿಂದ ಲೆಕ್ಕ ಹಾಕಿದ ಪುಟ್ಟ ಗುರುತು, ಮಾತ್ರ ಟೋಕನ್ನಿಗೆ ಹೋಗಿ, ಸಹಿಯಾಗಿ ವಾಪಸ್ ಬರುತ್ತದೆ. ಕಂಪ್ಯೂಟರಿಗೆ ವೈರಸ್ ಬಂದರೂ ಕೀ ಕದಿಯಲಾಗದು. ಆದರೆ ಟೋಕನ್ ಚುಚ್ಚಿಯೇ ಇದ್ದು ಪಿನ್ ಕೂಡ ಸಿಕ್ಕಿಬಿಟ್ಟರೆ, ಕೀ ಕದಿಯದೆಯೇ ಸಹಿ ಹಾಕಿಸಿಕೊಳ್ಳಬಹುದು. ಕೆಲಸ ಮುಗಿದ ಕೂಡಲೇ ತೆಗೆದಿಡಿ.

ಅಂಕ ಕಳೆಯಬೇಕಾಗಿರುವುದು ಕೊಡುವ ಸೇವೆಯಲ್ಲಿ. ಗುರುತು ಪರಿಶೀಲನೆಯ ದರ್ಜೆಗಳಲ್ಲಿ ಕ್ಲಾಸ್ 2 ನಿಂತು, 2021ರ ಜನವರಿಯಿಂದ ಇಂಥ ಕೆಲಸಗಳಿಗೆ ಸಿಗುವುದು ಕ್ಲಾಸ್ 3. ಪ್ಯಾನ್ ಅಥವಾ ಆಧಾರ್ ಕೆವೈಸಿ, ಮೊಬೈಲ್ ಒಟಿಪಿ, ವಿಡಿಯೋ ಪರಿಶೀಲನೆ ಎಲ್ಲ ಅರ್ಜಿದಾರರೇ ಮಾಡಬೇಕು. ಆದರೆ ಊರಿನ ಎಷ್ಟೋ ಏಜೆಂಟರ ಮಾತು, "ಒಟಿಪಿ ಹೇಳ್ಬಿಡಿ ಸಾರ್, ಉಳಿದಿದ್ದು ನಾವ್ ನೋಡ್ಕೋತೀವಿ." ಆಮೇಲೆ ಸರ್ಟಿಫಿಕೇಟನ್ನು ಅವರ ಅಂಗಡಿಯ ಕಂಪ್ಯೂಟರಿನಲ್ಲೇ ಡೌನ್‌ಲೋಡ್ ಮಾಡಿ, ಕಾರ್ಖಾನೆಯಿಂದ ಬಂದ ಪಿನ್ನನ್ನೇ ಬಿಟ್ಟು ಕೈಗಿಡುತ್ತಾರೆ. ಇಪಾಸ್ 2003 ಎಂಬ ಮಾದರಿಯ ಟೋಕನ್ನಿಗೆ ಅದು 12345678, ಊರಿಗೆಲ್ಲ ಗೊತ್ತಿರುವ ನಂಬರು.

ಇದು ಸಣ್ಣ ವಿಷಯವಲ್ಲ. ಐಟಿ ಕಾಯ್ದೆ 2000ರ 42ನೇ ಕಲಂ ಪ್ರಕಾರ ಕೀಯನ್ನು ಜೋಪಾನ ಮಾಡುವ ಹೊಣೆ ಸರ್ಟಿಫಿಕೇಟ್ ಪಡೆದವರದ್ದು. ಅದು ಬೇರೆಯವರ ಕೈಗೆ ಹೋಗಿದೆ ಎಂದು ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೆ ತಿಳಿಸುವವರೆಗೂ ಅವರೇ ಜವಾಬ್ದಾರರು. ಟೋಕನ್ ಕಳೆದರೆ ಮೊದಲು ರದ್ದು ಮಾಡಿಸಿ, ಹುಡುಕುವುದು ಆಮೇಲೆ.

ಸೆಟಪ್ ಬಗ್ಗೆ. ಟೋಕನ್ ಚುಚ್ಚಿದರೆ ಸಾಮಾನ್ಯವಾಗಿ ಸಿಡಿಯಂತೆ ಒಂದು ಡ್ರೈವ್ ತೆರೆದು ಡ್ರೈವರ್ ಇನ್‌ಸ್ಟಾಲರ್ ತೋರಿಸುತ್ತದೆ. ಅದನ್ನಾಗಲಿ, ನೆಟ್ಟಿನಿಂದ ಇಳಿಸಿದ್ದನ್ನಾಗಲಿ ಓಡಿಸುವ ಮೊದಲು ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ಡಿಜಿಟಲ್ ಸಿಗ್ನೇಚರ್ಸ್ ಟ್ಯಾಬಿನಲ್ಲಿ ಯಾರ ಸಹಿ ಇದೆ ನೋಡಿ. ಟ್ಯಾಬೇ ಇಲ್ಲದಿದ್ದರೆ ಓಡಿಸಬೇಡಿ. ಡ್ರೈವರ್ ಹಾಕಿದ ತಕ್ಷಣ ಪಿನ್ ಬದಲಿಸಿ. ತಪ್ಪು ಪಿನ್ ಮತ್ತೆ ಮತ್ತೆ ಒತ್ತಿದರೆ ಟೋಕನ್ ಲಾಕ್ ಆಗುತ್ತದೆ. ಇನಿಶಿಯಲೈಸ್ ಮಾಡಿದರೆ, ಅಂದರೆ ಹೊಸದರಂತೆ ಖಾಲಿ ಮಾಡಿದರೆ, ಟೋಕನ್ ಬದುಕುತ್ತದೆ, ಸರ್ಟಿಫಿಕೇಟ್ ಮತ್ತು ಕೀ ಅಳಿಸಿ ಹೋಗುತ್ತವೆ. ಮತ್ತೆ ದುಡ್ಡು ಕೊಟ್ಟು ಹೊಸದು ಮಾಡಿಸಬೇಕು.

ಜಿಎಸ್‌ಟಿ ಪೋರ್ಟಲಿನಲ್ಲಿ ಸಹಿ ಆಗದಿದ್ದರೆ ಟೋಕನ್ನನ್ನು ಬೈಯುವ ಮೊದಲು ಇಂಟರ್ನೆಟ್ ಆಪ್ಷನ್ಸ್, ಕಂಟೆಂಟ್, ಸರ್ಟಿಫಿಕೇಟ್ಸ್, ಪರ್ಸನಲ್ ತೆರೆಯಿರಿ. ನಿಮ್ಮ ಹೆಸರು ಅಲ್ಲಿದ್ದು, ಒಳಗೆ ಪ್ರೈವೇಟ್ ಕೀ ಇದೆ ಎಂಬ ಸಾಲೂ ಕಂಡರೆ ಡ್ರೈವರ್ ಸರಿಯಿದೆ, ತೊಡಕು ಹೆಚ್ಚಾಗಿ ಎಂಸೈನರ್‌ನಲ್ಲಿ, ಅಂದರೆ ಪೋರ್ಟಲ್ ಮತ್ತು ಟೋಕನ್ ನಡುವೆ ನಿಮ್ಮ ಕಂಪ್ಯೂಟರಿನಲ್ಲಿ ಓಡುವ ಸಹಿ ತಂತ್ರಾಂಶದಲ್ಲಿ. ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ, ಬ್ರೌಸರಿನಲ್ಲಿ ಎಚ್‌ಟಿಟಿಪಿಎಸ್ ಸೇರಿಸಿ 127.0.0.1:1585 ತೆರೆದು, ಎಚ್ಚರಿಕೆ ಬಂದಾಗ ಅಡ್ವಾನ್ಸ್ಡ್ ಒತ್ತಿ ಮುಂದುವರಿಯಿರಿ. 127.0.0.1 ಎಂದರೆ ನಿಮ್ಮದೇ ಕಂಪ್ಯೂಟರ್, ಆದ್ದರಿಂದ ಇಲ್ಲಿ ಮಾತ್ರ ಇದು ಸರಿ. ಇದೇ ಅಭ್ಯಾಸದಲ್ಲಿ ಬ್ಯಾಂಕಿನ ಸೈಟಿನ ಎಚ್ಚರಿಕೆಯನ್ನೂ ದಾಟಿ ಹೋಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇನ್ನು, ಹೊಸ ಸರ್ಟಿಫಿಕೇಟ್ ತಂದಾಗಲೆಲ್ಲ ಪೋರ್ಟಲಿನಲ್ಲಿ ಮತ್ತೆ ರಿಜಿಸ್ಟರ್ ಮಾಡಬೇಕು.

ಸಹಿ ಹಾಕಿದ ಪಿಡಿಎಫ್ ಅಡೋಬಿ ರೀಡರಿನಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ತೋರಿಸಿದರೆ ಸಹಿ ಸುಳ್ಳೆಂದಲ್ಲ, ಸಾಮಾನ್ಯವಾಗಿ ಅದರ ಬೇರಿನ (ರೂಟ್) ಸರ್ಟಿಫಿಕೇಟ್ ನಿಮ್ಮ ರೀಡರಿಗೆ ಗೊತ್ತಿಲ್ಲ ಎಂದಷ್ಟೇ. ಸಿಗ್ನೇಚರ್ ಪ್ರಾಪರ್ಟೀಸ್, ಶೋ ಸೈನರ್ಸ್ ಸರ್ಟಿಫಿಕೇಟ್ ತೆರೆದು, ಪಟ್ಟಿಯ ಮೇಲ್ತುದಿಯಲ್ಲಿರುವ ಸಿಸಿಎ ಇಂಡಿಯಾ (ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳ ಮೇಲಿನ ಸರ್ಕಾರಿ ನಿಯಂತ್ರಕರು) ಆಯ್ದು, ಟ್ರಸ್ಟ್ ಟ್ಯಾಬಿನಲ್ಲಿ ಆ್ಯಡ್ ಟು ಟ್ರಸ್ಟೆಡ್ ಸರ್ಟಿಫಿಕೇಟ್ಸ್ ಒತ್ತಿ. ಕೆಳಗಿನ ವ್ಯಕ್ತಿಯ ಹೆಸರನ್ನು ಸೇರಿಸಿದರೆ ಪ್ರತಿ ಸಹಿಗೂ ಇದೇ ಪಾಡು. ಸೇರಿಸುವ ಮೊದಲು ಬೆರಳಚ್ಚನ್ನು, ಅಂದರೆ ಥಂಬ್‌ಪ್ರಿಂಟನ್ನು, ಸಿಸಿಎ ಸೈಟಿನಲ್ಲಿರುವುದರ ಜೊತೆ ಹೋಲಿಸಿ. ಬೇರನ್ನು ನಂಬಿದರೆ ಅದರ ಕೊಂಬೆಗಳನ್ನೆಲ್ಲ ನಂಬಿದಂತೆ. 2014ರ ಜುಲೈನಲ್ಲಿ ಸಿಸಿಎ ಅಡಿಯಲ್ಲಿ ಸರ್ಟಿಫಿಕೇಟ್ ಕೊಡುತ್ತಿದ್ದ ಸರ್ಕಾರಿ ಸಂಸ್ಥೆ ಎನ್‌ಐಸಿಯಿಂದ ಗೂಗಲ್ ಡೊಮೇನುಗಳಿಗೆ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದಿದ್ದವು.

ಟೆಂಡರ್ ಹಾಕುವವರು ಸೈನಿಂಗ್ ಜೊತೆ ಎನ್‌ಕ್ರಿಪ್ಷನ್ (ಫೈಲಿಗೆ ಬೀಗ ಹಾಕುವುದು) ಇರುವ ಕಾಂಬೊ ಕೇಳಿ ತಗೊಳ್ಳಿ. ಅವಧಿ ಮುಗಿದ ಎನ್‌ಕ್ರಿಪ್ಷನ್ ಟೋಕನ್ನನ್ನು ಎಸೆಯಬೇಡಿ, ಅದರಿಂದ ಬೀಗ ಹಾಕಿದ ಹಳೆಯ ಫೈಲು ತೆರೆಯಲು ಬೇಕಾಗುವುದು ಅದೇ ಕೀ.