ಅಮ್ಮ, ಡಾಕ್ಟರು ಮತ್ತು 131 450

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಯಾಕೆ ಕಡಿಮೆ ಅನ್ನೋದು ಆಮೇಲೆ.

ಆಸ್ಟ್ರೇಲಿಯಾ ಸರ್ಕಾರದ ಒಂದು ಫೋನ್ ಸೇವೆ ಇದೆ. ಹೆಸರು ಟಿಸ್ ನ್ಯಾಷನಲ್, ನಂಬರ್ 131 450. ಇಂಗ್ಲಿಷ್ ಬಾರದವರು ಡಾಕ್ಟರ ಹತ್ತಿರವೋ ಸರ್ಕಾರಿ ಆಫೀಸಿಗೋ ಹೋದಾಗ, ಫೋನಿನಲ್ಲೇ ಒಬ್ಬ ದುಭಾಷಿಯನ್ನು ಒದಗಿಸುತ್ತದೆ. ದಿನದ 24 ಗಂಟೆಯೂ ಸಿಗುತ್ತದೆ. 150ಕ್ಕೂ ಜಾಸ್ತಿ ಭಾಷೆ, ಕನ್ನಡವೂ ಇದೆ.

ಮೆಲ್ಬರ್ನಿಗೆ ಬಂದು ಒಂಬತ್ತು ವರ್ಷವಾದರೂ ನಾನು ಇದರ ಕಡೆ ತಿರುಗಿ ನೋಡಿರಲಿಲ್ಲ. ನನಗ್ಯಾಕೆ ಬೇಕು? ಪಿಆರ್‌ಗೆ (ಕಾಯಂ ವಾಸದ ವೀಸಾ) ಪಾಯಿಂಟ್ ಸಾಲದೆ ಒದ್ದಾಡುವಾಗ, ದುಭಾಷಿಗಳಿಗೆ ಪರೀಕ್ಷೆ ನಡೆಸುವ ಸಂಸ್ಥೆ ನಾಟಿಯವರ ಸಿಸಿಎಲ್ ಪರೀಕ್ಷೆಯನ್ನು ಕನ್ನಡದಲ್ಲಿ ಕೊಟ್ಟು 5 ಪಾಯಿಂಟ್ ಗಿಟ್ಟಿಸಿದವನು ನಾನು. ಎರಡು ಸಂಭಾಷಣೆ ಕೇಳಿಸುತ್ತಾರೆ. ಇಂಗ್ಲಿಷಿನದನ್ನು ಕನ್ನಡಕ್ಕೆ, ಕನ್ನಡದ್ದನ್ನು ಇಂಗ್ಲಿಷಿಗೆ ಬಾಯಲ್ಲೇ ಹೇಳಬೇಕು. ಪಾಸಾಗೋಕೆ 90ಕ್ಕೆ ಕನಿಷ್ಠ 63 ಬೇಕು. ನನಗೆ 71 ಬಂದಿತ್ತು. ಅಮ್ಮ ಹಾಸನದ ಮನೆಗೆ ಬೀಗ ಹಾಕಿ, ಆ ದುಬಾರಿ ಪೇರೆಂಟ್ ವೀಸಾದಲ್ಲಿ ಇಲ್ಲೇ ನೆಲೆಸೋಕೆ ಬಂದಾಗ, ಅವಳಿಗೆ ಬಾಯಿ ನಾನೇ ಅಂದುಕೊಂಡೆ.

ಮಂಡಿ ನೋವಿಗೆ ಅಂತ ಮನೆ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಹೊಸ ಪೇಷಂಟ್ ಅಂತ ಡಾಕ್ಟರು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಾ ಹೋದರು. ಬಿಪಿ, ಶುಗರ್, ಆಪರೇಷನ್ ಎಲ್ಲ ಸಲೀಸಾಗಿ ಆಯಿತು. ಆಮೇಲೆ ಕೇಳಿದರು: ಮುಟ್ಟು ನಿಂತ ಮೇಲೆ ಯಾವಾಗಲಾದರೂ ರಕ್ತ ಹೋಗಿದೆಯಾ? ನಾನು ಅಮ್ಮನ ಕಡೆ ತಿರುಗಿ, 'ಬೇರೆ ಏನಾದ್ರೂ ತೊಂದ್ರೆ ಇದ್ಯಾ ಅಂತ ಕೇಳ್ತಿದಾರೆ' ಅಂದೆ. ಅಮ್ಮ ನನ್ನ ಮುಖ ನೋಡಿ 'ಏನಿಲ್ಲ ಕಣೋ' ಅಂದಳು. 'ನೋ' ಅಂತ ನಾನು ಡಾಕ್ಟರಿಗೆ ಒಪ್ಪಿಸಿದೆ. 71 ಅಂಕದವನ ಕಥೆ ಇದು.

ಅದಾಗಿ ಎರಡು ತಿಂಗಳಿಗೆ ಅಮ್ಮ 'ಯಾರಾದ್ರೂ ಲೇಡಿ ಡಾಕ್ಟರ್ ಇದ್ರೆ ನೋಡು' ಅಂದಳು. ಯಾಕೆ ಅಂದರೆ ಹೇಳಲಿಲ್ಲ. ಸೊಸೆಗೂ ಹೇಳಲಿಲ್ಲ. ಅದೇ ಕ್ಲಿನಿಕ್ಕಿಗೆ ಫೋನ್ ಮಾಡಿ ಲೇಡಿ ಡಾಕ್ಟರ ಜೊತೆ ಕನ್ನಡ ದುಭಾಷಿಯೂ ಬೇಕು ಎಂದೆ. ರಿಸೆಪ್ಷನ್‌ನಾಕೆಗೆ ಕೆನಡಾ ಅಂತ ಕೇಳಿಸಿತು. 'ಅಲ್ಲಿ ಇಂಗ್ಲಿಷೇ ತಾನೇ?' ಅಂದಳು. ಬಿಡಿಸಿ ಹೇಳಿದ ಮೇಲೆ, 'ನೀವೇ ಇಷ್ಟು ಚೆನ್ನಾಗಿ ಮಾತಾಡ್ತೀರಲ್ಲ, ಮಗ ಇದ್ದಮೇಲೆ ದುಭಾಷಿ ಯಾಕೆ' ಅಂತ ಮಾತು ಮುಗಿಸಿದಳು. ಹೊಗಳಿದಳೋ ಸಾಗಹಾಕಿದಳೋ ಇನ್ನೂ ಗೊತ್ತಾಗಿಲ್ಲ.

ಬೇರೆ ಕ್ಲಿನಿಕ್ ಹುಡುಕಿದೆ. ಅಲ್ಲಿ ಕೇಳಿದ ಕೂಡಲೇ ಬುಕ್ ಮಾಡಿದರು, ಹೆಂಗಸೇ ಬೇಕಾ ಅಂತ ಅವರೇ ವಿಚಾರಿಸಿದರು. ಡಾಕ್ಟರು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಆ ಕಡೆಯಿಂದ 'ನಮಸ್ಕಾರ ಅಮ್ಮ' ಅಂತ ಒಂದು ದನಿ. ನಮ್ಮ ಮೈಸೂರು ಕಡೆಯ ಕನ್ನಡದ ಹಾಗಿತ್ತು. ಇಲ್ಲಿ ಕೇಳಿದ್ದು ಯಾವುದೂ ಆಚೆ ಹೋಗುವುದಿಲ್ಲ, ನಾನು ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ ಎಂದರು. ಆಮೇಲೆ ಡಾಕ್ಟರ ಮಾತನ್ನು 'ನಾನು ನಿಮ್ಮ ಡಾಕ್ಟರು, ನಾನು ಕೆಲವು ಪ್ರಶ್ನೆ ಕೇಳ್ತೀನಿ' ಅಂತ ಶುರುಮಾಡಿದರು. ದುಭಾಷಿಗಳ ಪದ್ಧತಿಯೇ ಹಾಗೆ, ಹೇಳಿದವರ ಬಾಯಾಗಿಯೇ ಹೇಳಬೇಕು. ಅಮ್ಮನಿಗೆ ಗಲಿಬಿಲಿ. 'ನೀವೂ ಡಾಕ್ಟರಾ? ಹಂಗಾದ್ರೆ ಇವರು ಯಾರು?' ಡಾಕ್ಟರಿಗೆ ಆ ಮಾತೂ ಇಂಗ್ಲಿಷಿನಲ್ಲಿ ತಲುಪಿತು. ಜೋರಾಗಿ ನಕ್ಕರು. ಅಮ್ಮನೂ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, 'ನೀನು ಆಚೆ ಕೂತ್ಕೊ ಹೋಗು' ಅಂದಳು.

ಒಳಗೆ ನಡೆದದ್ದು ಆಮೇಲೆ ಹೆಂಡತಿಯಿಂದ ತಿಳಿಯಿತು. 'ಮುಟ್ಟು ನಿಂತು ಹನ್ನೆರಡು ವರ್ಷ ಆಯ್ತು, ಈಗ ಮತ್ತೆ ಹೊರಗಾಗ್ತಿದೀನಿ' ಅಂದಳಂತೆ ಅಮ್ಮ. ಹೊರಗಾಗುವುದು ಅಂದರೆ ಬಾಗಿಲಾಚೆ ಹೋಗುವುದಲ್ಲ ಅಂತ ಗೊತ್ತಿರೋರು ಬೇಕಲ್ವಾ ಅಲ್ಲಿ? ಆ ದುಭಾಷಿಗೆ ಗೊತ್ತಿತ್ತು. ಸ್ಕ್ಯಾನ್ ಆಯಿತು, ಗರ್ಭಕೋಶದೊಳಗೆ ಒಂದು ಚಿಕ್ಕ ಪಾಲಿಪ್ (ಗಂಟಿನಂಥ ಬೆಳವಣಿಗೆ) ಸಿಕ್ಕಿತು, ತೆಗೆದರು. ಕ್ಯಾನ್ಸರ್ ಅಲ್ಲ. ಆ ರಿಪೋರ್ಟ್ ಬರುವ ತನಕ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಬಿಲ್ಲು? ದುಭಾಷಿಗೆ ನಾವು ಒಂದು ಡಾಲರೂ ಕೊಡಲಿಲ್ಲ, ಡಾಕ್ಟರೂ ಕೊಡಲಿಲ್ಲ. ಸರ್ಕಾರ ಕೊಡುತ್ತದೆ. ಔಷಧಿ ಅಂಗಡಿಯವರಿಗೂ ಈ ಸೌಲಭ್ಯ ಉಂಟು.

ಇದೇ ದೇಶ ಒಂದು ಕಾಲಕ್ಕೆ ಭಾಷೆಯನ್ನೇ ಬಾಗಿಲಿಗೆ ಅಗುಳಿ ಮಾಡಿಕೊಂಡಿತ್ತು. 1901ರ ವಲಸೆ ಕಾನೂನಿನಲ್ಲಿ ಉಕ್ತಲೇಖನದ ಪರೀಕ್ಷೆ ಇತ್ತು. ಯುರೋಪಿನ ಯಾವುದಾದರೂ ಒಂದು ಭಾಷೆಯಲ್ಲಿ ಅಧಿಕಾರಿ 50 ಪದ ಹೇಳುತ್ತಿದ್ದ, ಬಂದವನು ಬರೆಯಬೇಕು. ಭಾಷೆ ಯಾವುದು ಅನ್ನೋದು ಅಧಿಕಾರಿಯ ಇಷ್ಟ. ಬಿಳಿಯರಲ್ಲದವರನ್ನು ವಾಪಸ್ ಕಳಿಸೋಕೆ ಹೂಡಿದ ಆಟ ಅದು. ಬಿಳಿಯರಲ್ಲೂ ಬೇಡವಾದವರ ಮೇಲೆ ಬಳಸಿದರು. 1934ರಲ್ಲಿ ಎಗೊನ್ ಕಿಶ್ ಎಂಬ ಪತ್ರಕರ್ತ ಬಂದಾಗ, ಅವನಿಗೆ ಹಲವು ಭಾಷೆ ಬರುತ್ತವೆ ಅಂತ ಸ್ಕಾಟಿಷ್ ಗೇಲಿಕ್‌ನಲ್ಲಿ ಪರೀಕ್ಷೆ ಮಾಡಿದರು. ಹೈಕೋರ್ಟಿನಲ್ಲಿ ಅದು ನಿಲ್ಲಲಿಲ್ಲ, ಆ ಮಾತು ಬೇರೆ. ಪರೀಕ್ಷೆ ಪೂರ್ತಿ ಹೋಗಿದ್ದು 1958ರ ಕಾನೂನಿನಲ್ಲಿ. ವಲಸೆಗೆ ಬಣ್ಣ ನೋಡುವುದನ್ನು ಪ್ರಧಾನಿ ವಿಟ್ಲಮ್ ಸರ್ಕಾರ 1973ರಲ್ಲಿ ಕೈಬಿಟ್ಟಿತು. ಫೋನ್ ದುಭಾಷಿ ಸೇವೆ ಶುರುವಾದದ್ದೂ ಅದೇ ವರ್ಷ.

ಮಾರ್ಚ್ 21ಕ್ಕೆ ಇಲ್ಲಿ ಹಾರ್ಮನಿ ಡೇ ಅಂತ ಮಾಡುತ್ತಾರೆ, 1999ರಿಂದ. ಎಲ್ಲರೂ ಕಿತ್ತಳೆ ಬಣ್ಣದ ಟೀಶರ್ಟ್ ಹಾಕಿಕೊಂಡು ಬರುತ್ತಾರೆ. ನಾನೂ ಹೋಗಿ ಬಿಸಿಬೇಳೆಬಾತ್ ಬಡಿಸಿದ್ದೇನೆ, ಖುಷಿಯಾಗೇ ಇರುತ್ತದೆ. ಆದರೆ ವಿಶ್ವಸಂಸ್ಥೆಯ ಲೆಕ್ಕದಲ್ಲಿ ಅದು ಜನಾಂಗ ಭೇದದ ವಿರುದ್ಧದ ದಿನ. 1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಜನರನ್ನು ಕೊಂದರು, ಆ ನೆನಪಿಗೆ ಇಟ್ಟ ದಿನ. ಸಮೋಸ ಸ್ಟಾಲ್ ಸಾಲಿನಲ್ಲಿ ನಿಂತಾಗ ಆ ಮಾತು ನನ್ನ ಕಿವಿಗೆ ಬಿದ್ದಿಲ್ಲ. ಸರ್ಕಾರದ ದುಡ್ಡು ಎರಡರಲ್ಲಿ ಒಂದಕ್ಕೇ ಸಾಲುತ್ತೆ ಅಂದರೆ, ನನ್ನ ವೋಟು ಮೇಜಿನ ಮೇಲಿದ್ದ ಆ ಫೋನಿಗೆ.

ಈಗ ಆ ಅರ್ಧ ಸ್ಟಾರಿನ ವಿಚಾರ. ಡಾಕ್ಟರ ಹತ್ತಿರ ಪುಕ್ಕಟೆ ಸಿಗೋದು ಮೆಡಿಕೇರ್, ಅಂದರೆ ಸರ್ಕಾರದ ಆರೋಗ್ಯ ವಿಮೆ, ಇರುವವರಿಗೆ. ನಮ್ಮವರ ಅಪ್ಪ ಅಮ್ಮಂದಿರಲ್ಲಿ ಜಾಸ್ತಿ ಜನ ವಿಸಿಟರ್ ವೀಸಾದಲ್ಲಿ ಬರುವವರು, ಅವರು ಈ ಲೆಕ್ಕದಲ್ಲಿ ಬರುವುದಿಲ್ಲ. ಕ್ಲಿನಿಕ್ಕಿನವರು ಮೊದಲೇ ಟಿಸ್ ಹತ್ತಿರ ನೋಂದಾಯಿಸಿ ಕೋಡ್ ತೆಗೆದುಕೊಂಡಿರಬೇಕು, ಕೇಳಿ ನೋಡಿ. ಲಾಂಗ್ ಅಪಾಯಿಂಟ್‌ಮೆಂಟ್ ಹಾಕಿಸಿ, ಪ್ರತಿ ಮಾತೂ ಎರಡು ಸಲ ಆಗುತ್ತಲ್ಲ. ಕನ್ನಡಕ್ಕೆ ಮುಂಚೆಯೇ ಬುಕ್ ಮಾಡಿಸುವುದು ವಾಸಿ.

ಟಿಸ್‌ನವರದೇ ಒಂದು ಪುಟ್ಟ ಕಾರ್ಡು ಇದೆ, 'ನನಗೆ ದುಭಾಷಿ ಬೇಕು' ಅಂತ ತೋರಿಸೋಕೆ. ಅಮ್ಮ ಅದನ್ನು ಪರ್ಸಿನಲ್ಲಿ ಧರ್ಮಸ್ಥಳದ ಮಂಜುನಾಥನ ಫೋಟೋ ಹಿಂದೆ ಸಿಕ್ಕಿಸಿಕೊಂಡಿದ್ದಾಳೆ. ರಿಪೋರ್ಟ್ ಬಂದ ದಿನ 'ಫೋನಲ್ಲಿ ಮಾತಾಡಿದ ಆ ಹುಡುಗಿಗೂ ಒಂದು ಫೋನ್ ಮಾಡಿ ಹೇಳೋ, ಕಾಯ್ಕೊಂಡಿರ್ತಾಳೆ' ಅಂದಳು. ಹಾಗೆಲ್ಲ ಮಾಡೋಕಾಗಲ್ಲ, ಪೂರ್ತಿ ಹೆಸರೂ ಗೊತ್ತಿಲ್ಲ ಅಂದೆ. 'ಡಾಕ್ಟರಿಗೇ ಗೊತ್ತಿಲ್ವಾ?' ಇಲ್ಲಮ್ಮ. ಹಪ್ಪಳ ಒಣಗಿಸುತ್ತಿದ್ದವಳು ಕೈ ಒರೆಸಿಕೊಂಡು, 'ಅದೆಂಥ ಆಫೀಸೋ' ಅಂತ ಒಳಗೆ ಹೋದಳು.