ಹಿಪ್ಪುನೇರಳೆ ಮರದ ಬಾಗ್ಲಾಮಾ: ನಾಲ್ಕು ತಿಂಗಳು ನುಡಿಸಿದ ಮೇಲೆ

ಇಸ್ತಾಂಬುಲಿನ ಒಂದು ಅಂಗಡಿಯಿಂದ ಆನ್‌ಲೈನಿನಲ್ಲಿ ತರಿಸಿದ ಉದ್ದ ಕತ್ತಿನ ಬಾಗ್ಲಾಮಾ ಇದು, ಟರ್ಕಿಯವರ ತಂತಿವಾದ್ಯ. ಶಿಡ್ಲಘಟ್ಟಕ್ಕೆ ಬಂದು ಮುಟ್ಟುವಷ್ಟರಲ್ಲಿ ಸಾಗಣೆ, ಸುಂಕ ಎಲ್ಲಾ ಸೇರಿ 32 ಸಾವಿರ ಆಯಿತು. ಜಾಸ್ತಿಯೇ. ಆದರೂ ಯಾರಾದರೂ ಅದೇ ದುಡ್ಡಿಗೆ ಕೇಳಿದರೆ ಕೊಡುವುದಿಲ್ಲ.

ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ಅಪ್ಪ ತೋಟದಿಂದ ಸೊಪ್ಪಿನ ಹೊರೆ ತಂದು ಇಳಿಸಿದ್ದರು. ವಾದ್ಯದ ಕೊಡವನ್ನು ಬೆರಳಿನಿಂದ ತಟ್ಟಿ, ತಿರುಗಿಸಿ ನೋಡಿ, "ಯಾವ ಮರಾನಪ್ಪಾ ಇದು?" ಅಂದರು. ಹಿಪ್ಪುನೇರಳೆ ಅಂದೆ. ನಂಬಲೇ ಇಲ್ಲ. ನಮ್ಮಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಬೇಕು ಅಂತ ಕಡ್ಡಿ ಕತ್ತರಿಸುತ್ತಲೇ ಇರುತ್ತೇವೆ, ಅದು ಮರವಾಗೋಕೆ ಬಿಡಬೇಕಲ್ವಾ? ಅಲ್ಲಿ ದಿಮ್ಮಿಯನ್ನೇ ತೋಡಿ ಕೊಡ ಮಾಡುತ್ತಾರೆ, ಮೇಲೆ ತೆಳುವಾದ ಸ್ಪ್ರೂಸ್ ಮರದ ಹಲಗೆ ಕೂರಿಸುತ್ತಾರೆ. ತಂತಿ ಏಳು, ಮೂರು ಗುಂಪಾಗಿ.

ಈಗ ದೂರು. ಪೆಟ್ಟಿಗೆಯ ಒಂದು ಮೂಲೆ ನುಜ್ಜಾಗಿತ್ತು. ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಕಳಚಿ ಚೀಲದೊಳಗೆ ಬಿದ್ದಿತ್ತು, ಕತ್ತಿನ ಮೇಲೆ ಸ್ವರದ ಜಾಗ ತೋರಿಸುವ ಮೆಟ್ಟಿಲುಗಳಲ್ಲಿ ಮೂರು ಜಾರಿದ್ದವು. ಅಂಗಡಿಯವರಿಗೆ ಬರೆದರೆ ಒಂಬತ್ತು ದಿನ ಸುದ್ದಿಯಿಲ್ಲ, ಆಮೇಲೆ ಬಂದ ಉತ್ತರದಲ್ಲಿ ಒಂದು ಫೋಟೋ ಬಿಟ್ಟರೆ ಎಲ್ಲಾ ಟರ್ಕಿ ಭಾಷೆ. ಕೊನೆಗೆ ನಾನೇ ಕುದುರೆಯನ್ನು ಹಿಂದೆ ಮುಂದೆ ಸರಿಸಿ, ಮೇಲಿನ ಷಡ್ಜ ಸರಿಯಾಗಿ ಬರುವವರೆಗೆ ಕೂತು ಹೊಂದಿಸಿದೆ.

ಇದರ ಮೆಟ್ಟಿಲು ಅಂದರೆ ಕತ್ತಿಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದ ನೈಲಾನ್ ದಾರ. ಬಾಗ್ಲಾಮಾ ಅನ್ನುವ ಹೆಸರೇ ಟರ್ಕಿ ಭಾಷೆಯ 'ಕಟ್ಟು' ಅನ್ನುವ ಮಾತಿನಿಂದ ಬಂದದ್ದು. ವೀಣೆಯಲ್ಲಿ 24 ಮೆಟ್ಟಿಲನ್ನು ಮೇಣದಲ್ಲಿ ಕೂರಿಸಿದರೆ ಮುಗಿಯಿತು, ಇಲ್ಲಿ ಹೆಬ್ಬೆರಳಿನಿಂದ ತಳ್ಳಿದರೆ ಸರಿಯುತ್ತದೆ. ಕೆಳಗಿನ ಬಿಡಿ ತಂತಿಯನ್ನು ಸ ಅಂತ ಇಟ್ಟುಕೊಂಡರೆ ಶುದ್ಧ ರಿಷಭಕ್ಕೂ ಚತುಶ್ರುತಿ ರಿಷಭಕ್ಕೂ ನಡುವೆ ಇನ್ನೊಂದು ಮೆಟ್ಟಿಲಿದೆ. ಅದೂ ಜಾರಿದೆ ಅಂದುಕೊಂಡು ಸರಿಸಿಬಿಟ್ಟಿದ್ದೆ, ಆಮೇಲೆ ಗೊತ್ತಾಯಿತು ಅದರ ಜಾಗವೇ ಅದು, ಉಶ್ಶಾಕ್ ಅನ್ನುವ ಮಕಾಮಿನ (ಮಕಾಮ್ ಅಂದರೆ ನಮ್ಮ ರಾಗದಂಥದ್ದು) ಎರಡನೇ ಸ್ವರ ಅದೇ ಅಂತ. ಹಾರ್ಮೋನಿಯಂ ಕೇಳಿ ಬೆಳೆದ ಕಿವಿಗೆ ಮೊದಲ ಹತ್ತು ದಿನ ಅಪಸ್ವರ ಅನಿಸುತ್ತದೆ. ಹನ್ನೊಂದನೇ ದಿನ ಅದಿಲ್ಲದೆ ಸಪ್ಪೆ. ಹಿಜಾಜ್ ಮಕಾಮ್ ಮಾತ್ರ ನಮಗೆ ಸುಲಭ, ವಕುಳಾಭರಣ ರಾಗ ಗೊತ್ತಿದ್ದವರ ಕೈ ತಾನಾಗೇ ಹೋಗುತ್ತದೆ.

ಇದರ ನೆಂಟರು ಸುತ್ತಮುತ್ತ ಎಲ್ಲಾ ಕಡೆ ಇದ್ದಾರೆ. ಇದಕ್ಕಿರುವ ಇನ್ನೊಂದು ಹೆಸರು ಸಾಜ್, ಅದು ಪರ್ಷಿಯನ್ ಮಾತು. ಅಜರ್‌ಬೈಜಾನಿನ ಹಾಡುಗಾರರ ಕೈಯಲ್ಲೂ ಸಾಜ್ ಇದೆ. ಗ್ರೀಸಿನಲ್ಲಿ ಬುಜೂಕಿ ಅನ್ನುವ ತಂತಿವಾದ್ಯದ ಪುಟ್ಟ ತಮ್ಮನಂತಿರುವ ವಾದ್ಯದ ಹೆಸರು ಬಾಗ್ಲಾಮಾಸ್. 1923ರಲ್ಲಿ ಗ್ರೀಸ್, ಟರ್ಕಿ ಎರಡೂ ದೇಶಗಳು ಜನರನ್ನೇ ಅದಲುಬದಲು ಮಾಡಿಕೊಂಡವು. ಟರ್ಕಿಯ ಅನತೋಲಿಯಾದಿಂದ ಹೊರಟ ಗ್ರೀಕರು ಮನೆ ಬಿಟ್ಟರು, ರಾಗ ಬಿಡಲಿಲ್ಲ. ಆ ರಾಗಗಳೇ ಗ್ರೀಸಿನ ಪಿರೇಯಸ್ ಬಂದರಿನ ರೆಬೆಟಿಕೋ ಅನ್ನುವ ಹಾಡುಗಳಿಗೆ ಸೇರಿದವು. ಇದನ್ನು ಓದಿದ ರಾತ್ರಿ ನನಗೆ ನಿಜವಾಗಿಯೂ ನಿದ್ದೆ ಬರಲಿಲ್ಲ.

ಟರ್ಕಿಯ ಊರೂರು ಸುತ್ತಿ ಸಾಜ್ ಹಿಡಿದು ತಮ್ಮದೇ ಪದ ಹಾಡುವವರನ್ನು ಆಶಿಕ್ ಅನ್ನುತ್ತಾರೆ. ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡ ಆಶಿಕ್ ವೇಯ್ಸೆಲ್ (1894–1973) ಅವರಲ್ಲಿ ದೊಡ್ಡ ಹೆಸರು. ಇವರೆಲ್ಲ ಕೊನೆಯ ನುಡಿಯಲ್ಲಿ ತಮ್ಮ ಹೆಸರು ಸೇರಿಸುತ್ತಾರೆ. ಕೈವಾರ ತಾತಯ್ಯನವರ ಪದಗಳ ಕೊನೆಗೆ ಅಮರನಾರೇಯಣ ಅಂತ ಅಂಕಿತ ಬರುವುದನ್ನು ಕೇಳುತ್ತಾ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾದ ಹೇಗಿದೆ ಅಂದರೆ, ಮೇಲೆ ತಂತಿಯ ಚುರುಕು, ಕೆಳಗೆ ಮರದ ಬೆಚ್ಚಗಿನ ಗುಂಯ್. ವೀಣೆಯಷ್ಟು ಹೊತ್ತು ನಿಲ್ಲುವುದಿಲ್ಲ. ಗಮಕವನ್ನು ಎಳೆದು ನುಡಿಸಬೇಕು ಅನ್ನುವವರು ಸುಮ್ನೆ ವೀಣೆಯಲ್ಲೇ ಇರಿ. ಒಬ್ಬರೇ ಕೂತು ಹಾಡಿಕೊಳ್ಳುವವರು ಕಣ್ಣು ಮುಚ್ಚಿ ತರಿಸಿ. ಹುಳ ಜ್ವರಕ್ಕೆ ಕೂತ ದಿನ, ಅಂದರೆ ಪೊರೆ ಬಿಡುವಾಗ, ಸೊಪ್ಪು ಹಾಕುವ ಕೆಲಸವಿರುವುದಿಲ್ಲ, ನನ್ನ ಅಭ್ಯಾಸವೆಲ್ಲಾ ಆಗಲೇ. ಅಪ್ಪ ಹೊಸಿಲ ಮೇಲೆ ಕೂತು ಕೇಳುತ್ತಾರೆ.

ತರಿಸುವವರು ಎರಡು ಸೆಟ್ ತಂತಿ ಜೊತೆಗೇ ಹೇಳಿ. ಕೆಳಗಿನ ಉಕ್ಕಿನ ತಂತಿ ತೀರಾ ತೆಳು, ನನ್ನದು ಎರಡನೇ ತಿಂಗಳೇ ತುಂಡಾಯಿತು. ಗಿಟಾರಿನ ಅತಿ ತೆಳು ತಂತಿಯ ತುದಿಗೆ ಕುಣಿಕೆ ಮಾಡಿ ಹಾಕಿದ್ದೇನೆ, ಸದ್ಯಕ್ಕೆ ನಡೆಯುತ್ತಿದೆ.