ಜೋಮಿನ ಮೋಡ್ ಮತ್ತು ಬರ್ಸ್ಟ್ ಮೋಡ್: ನರನೋವಿಗೆ ಎರಡನ್ನೂ ಹಾಕಿ ನೋಡಿದೆ

ಬೆನ್ನಿನ ಆಪರೇಷನ್ ಆದಮೇಲೂ ನನ್ನ ಎಡಗಾಲಿನ ನರನೋವು ಹೋಗಲಿಲ್ಲ. ಪ್ರಿಗ್ಯಾಬಲಿನ್ ಮಾತ್ರೆಯಿಂದ ಉರಿ ಸ್ವಲ್ಪ ತಗ್ಗಿತು, ಆದರೆ ಹಗಲೆಲ್ಲ ತೂಕಡಿಕೆ. ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟು ಕೊಡುವ ಟೆನ್ಸ್ ಮಷಿನ್ ತೆಗೆದ ಕೂಡಲೇ ಮತ್ತೆ ಅದೇ ಉರಿ. ಕೊನೆಗೆ ಬೆನ್ನುಹುರಿಯ ಸ್ಟಿಮ್ಯುಲೇಟರ್‌ಗೆ, ಅಂದರೆ ಬೆನ್ನುಹುರಿಗೆ ಸಣ್ಣ ಕರೆಂಟು ಕೊಟ್ಟು ನೋವು ತಗ್ಗಿಸುವ ಮಷಿನ್‌ಗೆ, ಒಪ್ಪಿದೆ.

ಇದನ್ನು ಮೊದಲು ಪರೀಕ್ಷೆ ಮಾಡಿ ನೋಡಬಹುದು. ಸೂಜಿಯ ಮೂಲಕ ತೆಳು ತಂತಿಗಳನ್ನು ಬೆನ್ನುಹುರಿಯ ಹೊದಿಕೆಯ ಹೊರಗೆ ಕೂರಿಸುತ್ತಾರೆ. ಬ್ಯಾಟರಿ ಮೈ ಹೊರಗೇ ಇರುತ್ತದೆ. ಸುಮಾರು ಒಂದು ವಾರದಲ್ಲಿ ನೋವು ಅರ್ಧಕ್ಕರ್ಧ ಇಳಿದರೆ ಮಾತ್ರ ಬ್ಯಾಟರಿ ಸಮೇತ ಮೈ ಒಳಗೆ ಕಾಯಂ ಆಗಿ ಕೂರಿಸುವ ಮಾತು. ಆ ವಾರ ಬಗ್ಗುವಂತಿಲ್ಲ, ಸ್ನಾನವೂ ಇಲ್ಲ.

ನನ್ನ ಮಷಿನ್‌ನಲ್ಲಿ ಎರಡು ಮೋಡ್ ಇದ್ದವು. ಮೊದಲನೆಯದು ಟಾನಿಕ್, 1967ರಲ್ಲಿ ಅಮೆರಿಕದ ಡಾ. ನಾರ್ಮನ್ ಶೀಲಿ ಇಂಥ ಸಾಧನವನ್ನು ಮೊದಲ ಸಲ ಅಳವಡಿಸಿದ ಕಾಲದಿಂದ ಬಂದ ದಾರಿ. ನೋವಿದ್ದ ಜಾಗದಲ್ಲೆಲ್ಲ ಜೋಮು ಹಿಡಿದಂತೆ ಆಗುತ್ತದೆ. ಆನ್ ಮಾಡಿದ ತಕ್ಷಣ ಗೊತ್ತಾಗುತ್ತದೆ, ಅದೇ ದೊಡ್ಡ ಸಮಾಧಾನ. ಆದರೆ ಅಂಗಾತ ಮಲಗಿದರೆ ಬೆನ್ನುಹುರಿ ತಂತಿಗೆ ಹತ್ತಿರವಾಗಿ ಜೋಮು ಜೋರಾಗುತ್ತದೆ. ಬಿಎಂಟಿಸಿ ಬಸ್ಸು ರಸ್ತೆ ಉಬ್ಬು ಹಾರಿದಾಗಲೂ ಜುಮ್ಮೆಂದು ಬೆಚ್ಚಿಬೀಳುತ್ತಿದ್ದೆ. ಈ ಜೋಮು ಆನ್ ಇದ್ದಾಗ ಗಾಡಿ ಓಡಿಸಬಾರದು.

ಎರಡನೆಯದು ಬರ್ಸ್ಟ್. ಕರೆಂಟು ಗುಂಪುಗುಂಪಾಗಿ ಹೋಗುತ್ತದೆ, ಮೈಗೆ ಏನೂ ತಿಳಿಯುವುದಿಲ್ಲ. ಮೊದಲ ದಿನ ಆನ್ ಇದೆಯಾ ಅಂತ ರಿಮೋಟ್ ನೋಡುತ್ತಲೇ ಇದ್ದೆ. ಗುಣ ನಿಧಾನವಾಗಿ ಬಂತು. ಹೊದಿಕೆ ತಾಗಿದರೂ ಉರಿಯುತ್ತಿದ್ದ ಕಾಲು ಸುಮ್ನಾಯಿತು, ರಾತ್ರಿ ನಿದ್ದೆ ಬಂತು. ಲಾಲ್‌ಬಾಗ್ ಕೆರೆಯ ಪಕ್ಕ ಎಲ್ಲೂ ಕೂರದೆ ನಡೆದೆ. ಅಷ್ಟು ದಿನ ಅದಕ್ಕೇ ಹಂಬಲಿಸಿದ್ದೆ ನಾನು.

ನನ್ನ ಮಟ್ಟಿಗೆ ಬರ್ಸ್ಟ್ ಮೇಲು. ದಿಢೀರ್ ಉರಿ ಎದ್ದಾಗ ಮಾತ್ರ ಟಾನಿಕ್‌ಗೆ ಹಾಕುತ್ತೇನೆ. ಒಂದನ್ನು ಒಂದು ಗಂಟೆ ನೋಡಿ ಇನ್ನೊಂದಕ್ಕೆ ಹಾರಿದರೆ ಬರ್ಸ್ಟ್‌ಗೆ ಅನ್ಯಾಯವಾಗುತ್ತದೆ. ಎರಡಕ್ಕೂ ಸಾಕಷ್ಟು ಸಮಯ ಕೊಡಿ ಅಂತ ಡಾಕ್ಟರನ್ನು ಕೇಳಿ. ಎಷ್ಟು ನಡೆದಿರಿ, ಎಷ್ಟು ಮಲಗಿದಿರಿ ಅಂತ ಬರೆದಿಡಿ.

ಬ್ಯಾಟರಿಯಲ್ಲೂ ಎರಡು ಬಗೆ. ಚಾರ್ಜ್ ಮಾಡದ್ದು ಆರಾಮ, ಆದರೆ ಕೆಲವು ವರ್ಷಕ್ಕೆ ಮತ್ತೆ ಕೊಯ್ದು ಬದಲಿಸಬೇಕು. ಚಾರ್ಜ್ ಮಾಡುವಂಥದ್ದು ಜಾಸ್ತಿ ವರ್ಷ ಬರುತ್ತದೆ. ಇನ್ನೊಂದು ಆಪರೇಷನ್ ಆದಷ್ಟು ದೂರವಿರಲಿ ಅಂತ ನಾನು ಅದನ್ನೇ ಆರಿಸಿದೆ. ಖರ್ಚು ಲಕ್ಷಗಟ್ಟಲೆ, ಇನ್ಶೂರೆನ್ಸ್‌ನವರ ಒಪ್ಪಿಗೆ ಮೊದಲೇ ಪಡೆಯಿರಿ. ಸೋಂಕು, ತಂತಿ ಜರುಗುವುದು, ಮುಂದೆ ಎಂಆರ್‌ಐ ಮಾಡಿಸಬಹುದಾ, ಇವನ್ನೂ ಕೇಳಿ. ಮೆಟ್ರೋ ಸ್ಟೇಷನ್‌ನಲ್ಲಿ ಸಾಧನದ ಕಾರ್ಡ್ ತೋರಿಸಿ, ಕೈಯಿಂದಲೇ ತಪಾಸಣೆ ಮಾಡಿ ಅಂತ ಹೇಳಿ.